ಪದಚರ್ಚೆ: ಸಯನೋಟೈಪ್‌ಗೆ ‘ಬಿಸಿಲಚ್ಚು’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಹೆಸರುಪದ ಬೇಕಾಗಿದೆ. ಜೊತೆಗೆ ಎರಡು ಕ್ರಿಯಾಪದಗಳನ್ನು ನಿಮ್ಮ ಕಡೆ ಹೇಗೆ ಬಳಸುತ್ತೀರಿ ಅಂತ ತಿಳಿಯಬೇಕು.

ರಜೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಸಯನೋಟೈಪ್, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಅಚ್ಚು ಮೂಡಿಸುವ ಕೆಲಸ, ಮಾಡಿಸುತ್ತೇನೆ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್‌ಗಳನ್ನು ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಸಮಸಮ ಬೆರೆಸಿ, ಮಬ್ಬುಗತ್ತಲ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಬಳಿಯುತ್ತೇವೆ. ಒಣಗಿದ ಮೇಲೆ ಎಲೆ ಇಟ್ಟು, ಗಾಜು ಮುಚ್ಚಿ, ತಾರಸಿಗೆ ಒಯ್ಯುತ್ತೇವೆ. ಮಧ್ಯಾಹ್ನದ ಬಿರುಬಿಸಿಲಾದರೆ ಹತ್ತು ನಿಮಿಷ ಸಾಕು. ಮೋಡವಿದ್ದರೂ ಆಗುತ್ತದೆ, ಹೊತ್ತು ಜಾಸ್ತಿ ಬೇಕು ಅಷ್ಟೇ. ಆಮೇಲೆ ನೀರಿಗೆ ಹಾಕಿದರೆ ಎಲೆ ಇದ್ದ ಜಾಗ ಬೆಳ್ಳಗೆ ಉಳಿದು, ಸುತ್ತೆಲ್ಲ ಕಡುನೀಲಿ ಆಗುತ್ತದೆ. ಹಲಸಿನ ಎಲೆ ದಪ್ಪ, ಹೊರಗೆರೆ ಮಾತ್ರ ಸಿಗುತ್ತದೆ. ನುಗ್ಗೆ, ಜರಿಗಿಡ ಚೆನ್ನಾಗಿ ಬರುತ್ತವೆ. ನೀರಿನಲ್ಲಿ ಕೊಳೆಸಿ ಜಾಲರಿ ಮಾತ್ರ ಉಳಿಸಿಕೊಂಡ ಅರಳಿ ಎಲೆ ಇಟ್ಟರಂತೂ ಒಂದೊಂದು ನರವೂ ಕಾಣುತ್ತದೆ.

ಹೆಸರಿನ ತೊಡಕು ಶುರುವಾದದ್ದು ಒಬ್ಬ ಹುಡುಗಿಯ ಅಜ್ಜಿಯಿಂದ. ‘ಸಯನೋಟೈಪ್’ ಅಂದ ಕೂಡಲೇ ಅವರು ‘ಸಯನೈಡಾ?’ ಎಂದು ಮೊಮ್ಮಗಳ ಕೈ ಹಿಡಿದುಕೊಂಡರು. ಅವರ ಕಿವಿ ತಪ್ಪಲಿಲ್ಲ. ಎರಡು ಹೆಸರೂ ಕಡುನೀಲಿ ಎಂಬ ಅರ್ಥದ ಒಂದೇ ಗ್ರೀಕ್ ಮಾತಿನಿಂದ ಬಂದವು. ಈ ಅಚ್ಚಿನಲ್ಲಿ ಮೂಡುವ ಬಣ್ಣ ಪ್ರಷ್ಯನ್ ನೀಲಿ. ಅದರಿಂದಲೇ 1782ರಲ್ಲಿ ಶೀಲೆ ಎಂಬ ರಸಾಯನ ವಿಜ್ಞಾನಿ ಒಂದು ವಿಷದ ಆಮ್ಲ ತೆಗೆದರು, ಸಯನೈಡ್ ಅದರದ್ದೇ ಕುಲ. ಹಾಗಾಗಿ ಬಣ್ಣದ ಹೆಸರು ವಿಷಕ್ಕೂ ಅಂಟಿತು. ಫೆರಿಸಯನೈಡ್‌ನಲ್ಲಿ ಸಯನೈಡ್ ಕಬ್ಬಿಣದ ಜೊತೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ತೀಕ್ಷ್ಣ ಆಮ್ಲವನ್ನೂ ಬೆಂಕಿಯನ್ನೂ ಅದರ ಹತ್ತಿರ ತರಬಾರದು. ಕೈಗವಸು ಹಾಕಿಕೊಂಡೇ ಕೆಲಸ ಮಾಡಿಸುತ್ತೇನೆ. ಇಷ್ಟನ್ನೂ ಅಜ್ಜಿಗೆ ಹೇಳಿದೆ, ಒಪ್ಪಿದರು. ಆದರೆ ಹೆದರಿಸದ ಒಂದು ಕನ್ನಡ ಹೆಸರು ಇದ್ದಿದ್ದರೆ ಎಂದು ಅವತ್ತಿನಿಂದ ಅನ್ನಿಸುತ್ತಿದೆ.

ಕನ್ನಡದಲ್ಲಿ ಇದಕ್ಕೆ ಪದ ಇಲ್ಲ ಅಂತಲೂ ಹೇಳಲಾಗದು. ‘ನೀಲನಕ್ಷೆ’ ಇದೆಯಲ್ಲ! ಹಿಂದೆ ಎಂಜಿನಿಯರುಗಳು ಕಟ್ಟಡದ ನಕ್ಷೆಯ ಪ್ರತಿ ತೆಗೆಯುತ್ತಿದ್ದದ್ದು ಇದೇ ವಿಧಾನದಲ್ಲಿ. ಎಲೆಯ ಬದಲು ಬೆಳಕು ಹಾಯುವ ಹಾಳೆಯ ಮೇಲೆ ಬರೆದ ಗೆರೆಗಳು. ಗೆರೆ ಬಿಳಿ, ಉಳಿದದ್ದು ನೀಲಿ. ಅಂದರೆ ಬಿಸಿಲು, ನೆರಳು, ನೀರು ಮೂರೂ ಆ ಪದದೊಳಗೆ ಇದ್ದವು. ಈಗ ಅದರ ಅರ್ಥ ಬೇರೆ ಕಡೆ ಹೋಗಿದೆ. ಚುನಾವಣೆ ಗೆಲ್ಲಲು ನೀಲನಕ್ಷೆ, ಊರಿನ ಅಭಿವೃದ್ಧಿಗೆ ನೀಲನಕ್ಷೆ. ನಮ್ಮ ಮೇಷ್ಟ್ರುಗಳಿಗಂತೂ ಪ್ರಶ್ನೆಪತ್ರಿಕೆಯಲ್ಲಿ ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ಪಟ್ಟಿಯೇ ನೀಲನಕ್ಷೆ. ನುಗ್ಗೆ ಸೊಪ್ಪಿನ ನೀಲನಕ್ಷೆ ಅಂದರೆ ಯಾರಿಗೂ ಈ ನೀಲಿ ಹಾಳೆ ಕಣ್ಣಮುಂದೆ ಬರುವುದಿಲ್ಲ. ನನಗೆ ಇದು ನಿಜವಾಗಿ ಬೇಜಾರು.

‘ನೀಲಿಚಿತ್ರ’ ಆಗದು. ಪತ್ರಿಕೆಗಳಲ್ಲಿ ಅದಕ್ಕೆ ಅಶ್ಲೀಲ ಸಿನಿಮಾ ಎಂಬ ಅರ್ಥ ಗಟ್ಟಿಯಾಗಿ ಕೂತಿದೆ. ಮಕ್ಕಳ ಕೆಲಸಕ್ಕೆ ಆ ಹೆಸರು ಬೇಡ. ‘ನೆರಳಚ್ಚು’ ನನಗೆ ತುಂಬಾ ಇಷ್ಟ, ಯಾಕೆಂದರೆ ಕಾಗದದ ಮೇಲೆ ಉಳಿಯುವುದು ಎಲೆಯ ನೆರಳೇ. ಆದರೆ ಅದನ್ನು ಜೆರಾಕ್ಸ್ ಪ್ರತಿಗೆ ಬಳಸಿಬಿಟ್ಟಿದ್ದಾರೆ. ‘ನೀಲಿಯಚ್ಚು’ ಸರಿಯಾಗಿಯೇ ಇದೆ. ಆದರೆ ಚಹಾದ ಡಿಕಾಕ್ಷನ್‌ನಲ್ಲಿ ನೆನೆಸಿದರೆ ಇದೇ ಅಚ್ಚು ಕಂದುಗಪ್ಪು ಆಗುತ್ತದೆ. ಆಗ ಅದನ್ನು ನೀಲಿ ಅನ್ನುವುದು ಹೇಗೆ?

ಹಾಗಾಗಿ ‘ಬಿಸಿಲಚ್ಚು’ ಎಂದು ಯೋಚಿಸಿದೆ. ಬಿಸಿಲು ಮತ್ತು ಅಚ್ಚು, ಸರಳ ಲೋಪಸಂಧಿ. ಅರಿಸಮಾಸದ ಗೊಡವೆಯೂ ಇಲ್ಲ. ಗೆಳೆಯರೊಬ್ಬರು ಒಂದು ಆಕ್ಷೇಪ ಎತ್ತಿದರು. ಅಚ್ಚು ಅಂದರೆ ಒತ್ತಬೇಕು, ಬೆಲ್ಲದ ಅಚ್ಚಾಗಲಿ ಮುದ್ರಣದ ಅಚ್ಚಾಗಲಿ, ಇಲ್ಲಿ ಒತ್ತುವುದೇನಿದೆ ಅಂತ. ನನಗೆ ಹಾಗನ್ನಿಸುವುದಿಲ್ಲ. ಮಗು ಅಪ್ಪನ ಪಡಿಯಚ್ಚು ಅನ್ನುವಾಗ ಯಾರೂ ಏನನ್ನೂ ಒತ್ತಿರುವುದಿಲ್ಲ ಅಲ್ವಾ? ಇನ್ನೊಂದು ಮಾತು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಶೆಲ್ 1842ರಲ್ಲಿ ಈ ವಿಧಾನ ಕಂಡುಹಿಡಿದರು. ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ ಬ್ರಿಟನ್ನಿನ ಕಡಲಪಾಚಿಗಳನ್ನು ಇದೇ ರೀತಿ ಕಾಗದಕ್ಕೆ ಇಳಿಸತೊಡಗಿದರು. ಹತ್ತು ವರ್ಷ ಬಿಡದೆ ಮಾಡಿದರು. ಪುಸ್ತಕದ ಬರಹವನ್ನೂ ಕೈಯಲ್ಲೇ ಬರೆದು ಬಿಸಿಲಿನಲ್ಲೇ ಮೂಡಿಸಿದರು. ಆ ಪುಸ್ತಕದ ಹೆಸರಿನಲ್ಲೂ ಅವರು ಬಳಸಿದ್ದು ಅಚ್ಚು ಎಂಬ ಅರ್ಥದ ಮಾತನ್ನೇ.

ಇನ್ನು ಕ್ರಿಯಾಪದಗಳು. ಬರಹಗಳಲ್ಲಿ ‘ಬೆಳಕಿಗೆ ಒಡ್ಡು’ ಎಂದು ಓದಿದ್ದೇನೆ. ಮಕ್ಕಳ ಬಾಯಲ್ಲಿ ಅದು ನಿಲ್ಲುವುದಿಲ್ಲ. ಅವರು ‘ಬಿಸಿಲಿಗೆ ಹಾಕೋಣ’ ಅನ್ನುತ್ತಾರೆ, ಆದರೆ ಹಪ್ಪಳ ಸಂಡಿಗೆಗೆ ಹೇಳುವ ಆ ಮಾತಿನಲ್ಲಿ ಒಣಗಿಸುವ ಅರ್ಥವೇ ಮುಂದೆ ನಿಲ್ಲುತ್ತದೆ. ‘ಬಿಸಿಲು ತಾಗಿಸು’ ಹೇಗಿದೆ? ನಿಮ್ಮ ಕಡೆ ಬೇರೆ ಮಾತು ಇದೆಯಾ? ನೀರಿನ ಕೆಲಸಕ್ಕೆ ನಾನು ‘ಜಾಲಿಸು’ ಅನ್ನುತ್ತೇನೆ. ಸೋಪು ಹೋಗುವ ತನಕ ಬಟ್ಟೆ ಜಾಲಿಸುವ ಹಾಗೆಯೇ, ನೀರಿಗೆ ಹಳದಿ ಬಿಡುವುದು ನಿಲ್ಲುವ ತನಕ ಕಾಗದವನ್ನು ಆಡಿಸಬೇಕು. ಸುಮ್ನೆ ‘ತೊಳೆ’ ಅಂದರೆ ಮಕ್ಕಳು ಉಜ್ಜಿಬಿಡುತ್ತಾರೆ. ಉತ್ತರ ಕರ್ನಾಟಕದವರಿಗೂ ಕರಾವಳಿಯವರಿಗೂ ‘ಜಾಲಿಸು’ ಇದೇ ಅರ್ಥ ಕೊಡುತ್ತದೆಯೇ, ದಯವಿಟ್ಟು ತಿಳಿಸಿ.

ಸದ್ಯಕ್ಕೆ ಹಾಳೆಗಳ ಹಿಂದೆ ‘ಬಿಸಿಲಚ್ಚು, ನುಗ್ಗೆ ಸೊಪ್ಪು’ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ನೀವು ಹೇಳಿದ ಮೇಲೆ ಶಾಯಿಯಲ್ಲಿ ಬರೆಯುತ್ತೇನೆ.