ಥರ್ಡ್ ಪಾರ್ಟಿ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೂ ಕಾರು ಸೀಜ್ ಮಾಡಿದ್ದಾರೆ, ಬಿಡಿಸಿಕೊಳ್ಳುವುದು ಹೇಗೆ?

ಮಲ್ನಾಡ್_ಸವಾರಿ:
ನಮಸ್ಕಾರ, ತುರ್ತಾಗಿ ಸಲಹೆ ಬೇಕು. 2024ರ ಜೂನ್‌ನಲ್ಲಿ ಹೊಸದಾಗಿ ತೆಗೆದುಕೊಂಡ ಕಾರು, ವೈಟ್ ಬೋರ್ಡ್. ನಿನ್ನೆ ಸಂಜೆ ಬೆಂಗಳೂರಿನಲ್ಲಿ ತಮ್ಮ ಓಡಿಸುತ್ತಿದ್ದಾಗ ಪೊಲೀಸರು ನಿಲ್ಲಿಸಿ, ಮೆಷಿನ್ನಿನಲ್ಲಿ ನಂಬರ್ ಹಾಕಿ ನೋಡಿ, ಇನ್ಶೂರೆನ್ಸ್ ಮುಗಿದಿದೆ ಎಂದು ಠಾಣೆಗೆ ಟೋ ಮಾಡಿಸಿದರು. ಡಿಎಲ್, ಆರ್‌ಸಿ, ಎಮಿಷನ್ ಎಲ್ಲ ಸರಿ ಇವೆ. ಪಾಲಿಸಿಯಲ್ಲಿ ಎರಡು ದಿನಾಂಕಗಳಿವೆ: ಓನ್ ಡ್ಯಾಮೇಜ್ 2025ರ ಜೂನ್‌ಗೇ ಮುಗಿದಿದೆ, ರಿನ್ಯೂ ಮಾಡಿಸಿಲ್ಲ. ಥರ್ಡ್ ಪಾರ್ಟಿ 2027ರ ಜೂನ್‌ವರೆಗೆ ಇದೆ. ಕೊಟ್ಟಿರುವ ಚೀಟಿಯಲ್ಲಿ ಗಾಡಿ ನಂಬರ್, ಸಮಯ, "ಇನ್ಶೂರೆನ್ಸ್ ಇಲ್ಲ" ಅಷ್ಟೇ ಇದೆ, ಕಲಂ ಬರೆದಿಲ್ಲ. "2,000 ದಂಡ ಕಟ್ಟಿ, ಹೊಸ ಪಾಲಿಸಿ ತನ್ನಿ, ಬಿಡುತ್ತೇವೆ" ಅನ್ನುತ್ತಿದ್ದಾರೆ. ಈಗ ಕಟ್ಟಿ ಗಾಡಿ ತಂದು ಆಮೇಲೆ ಪ್ರಶ್ನಿಸಬಹುದೇ?

ಪಾಲಿಸಿ_ಪುಟ:
ಕಟ್ಟಬೇಡಿ. ಹೊಸ ಪಾಲಿಸಿಯನ್ನೂ ಗಡಿಬಿಡಿಯಲ್ಲಿ ಮಾಡಿಸಬೇಡಿ, ಇರುವ ಥರ್ಡ್ ಪಾರ್ಟಿಗೇ ಮತ್ತೊಮ್ಮೆ ದುಡ್ಡು ಕೊಟ್ಟ ಹಾಗಾಗುತ್ತದೆ.

2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಒಂದೇ ಸಲಕ್ಕೆ 3 ವರ್ಷದ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಡೀಲರ್ ಹತ್ತಿರ ಸಿಗುವ "1+3" ಪಾಲಿಸಿ ಎಂದರೆ ಓನ್ ಡ್ಯಾಮೇಜ್ 1 ವರ್ಷ, ಥರ್ಡ್ ಪಾರ್ಟಿ 3 ವರ್ಷ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕೇಳುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ. ಓನ್ ಡ್ಯಾಮೇಜ್ ನಿಮ್ಮ ಗಾಡಿಯ ರಿಪೇರಿಗೆ, ಅದು ಇಲ್ಲದಿದ್ದರೆ ನಷ್ಟ ನಿಮ್ಮದೇ ಹೊರತು ಅಪರಾಧವಲ್ಲ. ನಿಮ್ಮ ಕಾರಿಗೆ ವಿಮೆ ಇದೆ, ಅದರಲ್ಲಿ ಅನುಮಾನವೇ ಬೇಡ.

ಮೆಷಿನ್ನಿನಲ್ಲಿ ತಪ್ಪು ತೋರಿಸುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ವಿಮಾ ಕಂಪನಿ ಕಳಿಸುವ ಮಾಹಿತಿ ಸರ್ಕಾರದ "ವಾಹನ್" ಡೇಟಾಬೇಸಿಗೆ ಹೋಗುತ್ತದೆ, ಅಲ್ಲಿ ಥರ್ಡ್ ಪಾರ್ಟಿ ದಿನಾಂಕದ ಬದಲು ಓನ್ ಡ್ಯಾಮೇಜ್ ದಿನಾಂಕ ಕೂತುಬಿಟ್ಟಿರಬಹುದು. ಎರಡನೆಯದು, ಶೋರೂಮಿನಲ್ಲಿ ಪಾಲಿಸಿ ಮಾಡುವಾಗ ನಂಬರ್ ಪ್ಲೇಟ್ ಬಂದಿರುವುದಿಲ್ಲ. ನೋಂದಣಿ ಸಂಖ್ಯೆಯ ಜಾಗದಲ್ಲಿ "ನ್ಯೂ" ಎಂದು ಹಾಕಿ, ಆಮೇಲೆ ಯಾರೂ ತಿದ್ದಿಸುವುದಿಲ್ಲ. ಮೂರನೆಯದು ಚಾಸಿ ನಂಬರ್. 17 ಅಕ್ಷರ-ಅಂಕಿಗಳಲ್ಲಿ ಒಂದು ತಪ್ಪಿದರೂ ಗಾಡಿಗೂ ಪಾಲಿಸಿಗೂ ತಾಳೆಯಾಗುವುದಿಲ್ಲ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ, ಒಂದರ ಜಾಗದಲ್ಲಿ ಐ ಟೈಪ್ ಆಗಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಬಳಸುವುದೇ ಇಲ್ಲ.

ಈಗಲೇ ಕೂತು ಪಾಲಿಸಿ ಶೆಡ್ಯೂಲನ್ನೂ (ಗಾಡಿ, ಅವಧಿಯ ವಿವರ ಇರುವ ಹಾಳೆ) ಆರ್‌ಸಿಯನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಶೆಡ್ಯೂಲಿನಲ್ಲಿ "ಲಯಬಿಲಿಟಿ" ಎಂದು ಬರೆದ ಸಾಲಿನ ಮುಂದೆ ಇರುವುದೇ ನಿಮಗೆ ಬೇಕಾದ ಅವಧಿ, ಅದಕ್ಕೆ ಹೈಲೈಟರ್ ಎಳೆಯಿರಿ. ಪಾಲಿಸಿ ಪ್ರತಿಯಲ್ಲಿ "ಫಾರ್ಮ್ 51" ಎಂದು ಬರೆದಿರುವ ಹಾಳೆಯನ್ನು ತಪ್ಪದೆ ಪ್ರಿಂಟ್ ತೆಗೆಯಿರಿ, ಕಾಯ್ದೆ ಪ್ರಕಾರ ವಿಮಾ ಪ್ರಮಾಣಪತ್ರ ಅದೇ. ಕಂಪನಿಗೆ ಮೇಲ್ ಮಾಡಿ ಲೆಟರ್‌ಹೆಡ್ಡಿನಲ್ಲಿ ಒಂದು ದೃಢೀಕರಣ ಪತ್ರ ಕೇಳಿ: ಪಾಲಿಸಿ ಸಂಖ್ಯೆ, ನೋಂದಣಿ ಸಂಖ್ಯೆ, ಚಾಸಿ, ಎಂಜಿನ್ ಸಂಖ್ಯೆ, ಗಾಡಿ ಹಿಡಿದ ದಿನ ಮತ್ತು ಸಮಯದಲ್ಲಿ ಥರ್ಡ್ ಪಾರ್ಟಿ ಜಾರಿಯಲ್ಲಿತ್ತು ಎಂಬ ಮಾತು. ಬರೀ "ಪಾಲಿಸಿ ಆ್ಯಕ್ಟಿವ್" ಎಂದು ಬರೆದುಕೊಟ್ಟರೆ ಠಾಣೆಯಲ್ಲಿ ಮತ್ತೆ ಓನ್ ಡ್ಯಾಮೇಜ್ ದಿನಾಂಕವನ್ನೇ ಹಿಡಿದುಕೊಳ್ಳುತ್ತಾರೆ.

ಕಲಂ_207:
ಮೇಲಿನದು ವಿಮೆಯ ಮಾತು, ಪೂರ್ತಿ ಒಪ್ಪುತ್ತೇನೆ. ಸೀಜ್ ಮಾಡಿದ್ದು ಬೇರೆಯದೇ ಪ್ರಶ್ನೆ, ಅದರಲ್ಲೂ ನಿಮ್ಮ ಕಡೆಗೇ ಬಲ ಇದೆ.

ಗಾಡಿ ವಶಪಡಿಸಿಕೊಳ್ಳುವ ಅಧಿಕಾರ ಇರುವುದು 207ನೇ ಕಲಂನಲ್ಲಿ. ಅಲ್ಲಿ ಹೆಸರಿಸಿರುವುದು 3 ಮತ್ತು 4 (ಚಾಲನಾ ಪರವಾನಗಿ, ವಯಸ್ಸು), 39 (ನೋಂದಣಿ), 66(1) (ಪರ್ಮಿಟ್). ವಿಮೆಯ 146ನೇ ಕಲಂ ಆ ಪಟ್ಟಿಯಲ್ಲಿ ಇಲ್ಲ. ವಿಮೆ ನಿಜಕ್ಕೂ ಇಲ್ಲದಿದ್ದರೂ ಹಾಕಬೇಕಾದದ್ದು 196ನೇ ಕಲಂ ಕೇಸು: ಮೊದಲ ಸಲ 2,000 ರೂ. ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಇದಲ್ಲದೆ 158ನೇ ಕಲಂ ಪ್ರಕಾರ, ಕೇಳಿದಾಗ ಪ್ರಮಾಣಪತ್ರ ತೋರಿಸಲಾಗದಿದ್ದರೂ 7 ದಿನದೊಳಗೆ ಠಾಣೆಗೆ ಹಾಜರುಪಡಿಸಿದರೆ, ತೋರಿಸಲಿಲ್ಲ ಎಂಬುದೊಂದೇ ಕಾರಣಕ್ಕೆ ಶಿಕ್ಷೆ ಇಲ್ಲ. ಹಳದಿ ಬೋರ್ಡಿನವರು ಇದನ್ನು ನೆಚ್ಚಿಕೊಳ್ಳಬಾರದು, ನಿಮಗೆ ಅನ್ವಯಿಸುತ್ತದೆ. ನಿನ್ನೆಯಿಂದ ಎಣಿಸಿ, ಆ 7 ದಿನ ದಾಟಿಸಬೇಡಿ.

ದಂಡ ಕಟ್ಟಿ ಆಮೇಲೆ ಪ್ರಶ್ನಿಸುತ್ತೇನೆ ಎನ್ನುವುದು ಆಗದ ಮಾತು. ಸ್ಥಳದಲ್ಲಿ ಕಟ್ಟುವುದಕ್ಕೆ ಕಾಂಪೌಂಡಿಂಗ್ ಎನ್ನುತ್ತಾರೆ, 200ನೇ ಕಲಂ. ಅಲ್ಲಿಗೆ ಕೇಸು ಮುಗಿಯಿತು, ನೀವು ತಪ್ಪು ಒಪ್ಪಿದ ಹಾಗೆ ದಾಖಲೆಯಲ್ಲಿ ಉಳಿಯುತ್ತದೆ. ಪೊಲೀಸರು ಪಟ್ಟು ಹಿಡಿದರೆ "ಕೋರ್ಟಿಗೆ ಕಳಿಸಿ, ಅಲ್ಲೇ ದಾಖಲೆ ತೋರಿಸುತ್ತೇವೆ" ಎನ್ನಿ. ಅದು ನಿಮ್ಮ ಹಕ್ಕು.

ಠಾಣಾಧಿಕಾರಿಗೆ ಅರ್ಜಿ ಬರೆಯಿರಿ, ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಪುಟ ಸಾಕು:

"ದಿನಾಂಕ … ರಂದು ಸಂಜೆ … ಗಂಟೆಗೆ ನನ್ನ ಕಾರು ಸಂಖ್ಯೆ … ಅನ್ನು ವಿಮೆ ಇಲ್ಲವೆಂಬ ಕಾರಣಕ್ಕೆ ವಶಕ್ಕೆ ಪಡೆಯಲಾಗಿದೆ. ಸದರಿ ವಾಹನಕ್ಕೆ … ರಿಂದ … ರವರೆಗೆ ಥರ್ಡ್ ಪಾರ್ಟಿ ವಿಮೆ ಜಾರಿಯಲ್ಲಿದ್ದು, ಫಾರ್ಮ್ 51 ಮತ್ತು ಕಂಪನಿಯ ಪತ್ರ ಲಗತ್ತಿಸಿದೆ. ವಶಕ್ಕೆ ಪಡೆದ ಕಲಂ ಯಾವುದೆಂದು ಲಿಖಿತವಾಗಿ ತಿಳಿಸಿ, ವಾಹನವನ್ನು ಷರತ್ತಿಲ್ಲದೆ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ."

ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸ್ವೀಕೃತಿ ಕೊಡಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಠಾಣೆಗೂ ಸಂಚಾರ ವಿಭಾಗದ ಎಸಿಪಿಗೂ ರಿಜಿಸ್ಟರ್ಡ್ ಪೋಸ್ಟ್ ಮಾಡಿ.

ಮಲ್ನಾಡ್_ಸವಾರಿ:
ತುಂಬ ಉಪಕಾರವಾಯಿತು. ಹೋಲಿಸಿ ನೋಡಿದೆ, ಚಾಸಿ ನಂಬರ್ ಸರಿ ಇದೆ. ಆದರೆ ಶೆಡ್ಯೂಲಿನಲ್ಲಿ ನೋಂದಣಿ ಸಂಖ್ಯೆಯ ಕಡೆ "ನ್ಯೂ" ಅಂತಲೇ ಇದೆ! ಕಂಪನಿ ಪತ್ರಕ್ಕೆ ಎರಡು ದಿನ ಬೇಕಂತೆ. ಠಾಣೆಗೆ ಫೋನ್ ಮಾಡಿದರೆ "207ರಲ್ಲಿ ಹಿಡಿದಿದ್ದೇವೆ" ಅಂದರು. ಅಷ್ಟರಲ್ಲಿ ಯಾರೋ ಒಬ್ಬರು, ಇವತ್ತೇ ಆನ್‌ಲೈನಿನಲ್ಲಿ ಹೊಸ ಪಾಲಿಸಿ ಮಾಡಿಸಿ ತೋರಿಸಿದರೆ ಆಯಿತು ಎನ್ನುತ್ತಿದ್ದಾರೆ.

ಅಂಗಳದ_ಗಾಡಿ:
ಅದು ಕೆಟ್ಟ ಸಲಹೆ. ಪಾಲಿಸಿ ಶುರುವಾಗುವ ದಿನದ ಜೊತೆ ಗಂಟೆ-ನಿಮಿಷವೂ ಅಚ್ಚಾಗಿರುತ್ತದೆ. ನಿನ್ನೆ ಸಂಜೆಯ ತಪಾಸಣೆಗೆ ಇವತ್ತಿನ ಪಾಲಿಸಿ ಉತ್ತರವಾಗುವುದಿಲ್ಲ, ನಿನ್ನೆ ವಿಮೆ ಇರಲಿಲ್ಲ ಎಂದು ನೀವೇ ಬರೆದುಕೊಟ್ಟಂತಾಗುತ್ತದೆ.

ಪತ್ರಕ್ಕೆ ಕಾಯಬೇಡಿ. ಫಾರ್ಮ್ 51, ಶೆಡ್ಯೂಲ್, ಆರ್‌ಸಿ ಇವಿಷ್ಟರಲ್ಲೇ ಚಾಸಿ ಮತ್ತು ಎಂಜಿನ್ ನಂಬರ್ ತಾಳೆಯಾದರೆ "ನ್ಯೂ" ಎಂಬ ಪದ ಅಡ್ಡಿಯಾಗಬಾರದು. ವಿಮೆ ಆಗಿರುವುದು ಆ ಚಾಸಿಗೆ. ಮೂರರಲ್ಲೂ ಆ ಸಂಖ್ಯೆಗೆ ಪೆನ್ನಿನಲ್ಲಿ ಸುತ್ತು ಹಾಕಿ ಅರ್ಜಿಗೆ ಲಗತ್ತಿಸಿ. 207 ಎಂದು ಹೇಳಿದ್ದಾರಲ್ಲ, ಅದನ್ನೇ ಬರೆದುಕೊಡಲು ಕೇಳಿ. ಅದೇ ಕಲಂನ ಎರಡನೇ ಉಪಕಲಂನಲ್ಲಿ ದಾಖಲೆ ಪರಿಶೀಲಿಸಿ ಗಾಡಿ ಬಿಡುವ ಅಧಿಕಾರವನ್ನು ಸಾರಿಗೆ ಪ್ರಾಧಿಕಾರಕ್ಕೆ ಮತ್ತು ಸರ್ಕಾರ ನೇಮಿಸಿದ ಅಧಿಕಾರಿಗೆ ಕೊಟ್ಟಿದೆ.

ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಸೀಜ್ ವರದಿ ಅಲ್ಲಿಗೆ ಹೋಗಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂನಲ್ಲಿ (ಹಿಂದೆ ಸಿಆರ್‌ಪಿಸಿ 457) ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಿ. ಹಿಡಿದ ಗಾಡಿಗಳನ್ನು ಠಾಣೆ ಅಂಗಳದಲ್ಲಿ ದೀರ್ಘಕಾಲ ಇಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ, ಬಾಂಡ್ ಪಡೆದು ಬಿಡಬೇಕು ಎಂದು 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಂಡ್ ಮೊತ್ತ, ಷರತ್ತು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಇದಕ್ಕೆ ವಕೀಲರನ್ನು ಇಟ್ಟುಕೊಳ್ಳಿ.

ಇದೇ ತೊಂದರೆ ಹುಡುಕಿಕೊಂಡು ಇಲ್ಲಿಗೆ ಬರುವ ಸೆಕೆಂಡ್ ಹ್ಯಾಂಡ್ ಕಾರಿನವರಿಗೆ ಒಂದು ಮಾತು. ಪಾಲಿಸಿ ಹಳೇ ಮಾಲೀಕರ ಹೆಸರಿನಲ್ಲಿದೆ ಎಂದರೆ ವಿಮೆ ಇಲ್ಲ ಎಂದರ್ಥವಲ್ಲ. 157ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆಗೇ ಹೊಸ ಮಾಲೀಕರಿಗೆ ಬರುತ್ತದೆ. 14 ದಿನದೊಳಗೆ ಹೆಸರು ಬದಲಾವಣೆಗೆ ಕಂಪನಿಗೆ ಅರ್ಜಿ ಕೊಡಬೇಕು. ಅಪಘಾತದಲ್ಲಿ ಹಿಡಿದ ಗಾಡಿಯ ದಾರಿ ಮಾತ್ರ ಬೇರೆ, ಇಲ್ಲಿ ಬರೆದದ್ದನ್ನು ಅದಕ್ಕೆ ಅನ್ವಯಿಸಬೇಡಿ.

ಪಾಲಿಸಿ_ಪುಟ:
ಗಾಡಿ ಕೈಗೆ ಬರುವ ದಿನದ ಬಗ್ಗೆ ಇಷ್ಟು. ಕೀ ತೆಗೆದುಕೊಂಡ ಕೂಡಲೇ ಸಹಿ ಹಾಕಬೇಡಿ. ನಾಲ್ಕೂ ಬದಿ, ಬಂಪರಿನ ಕೆಳಭಾಗ, ಟೋ ಕೊಕ್ಕೆ ಹಾಕಿದ ಜಾಗ, ಓಡೋಮೀಟರ್, ಸ್ಟೆಪ್ನಿ, ಜ್ಯಾಕ್, ಡ್ಯಾಶ್‌ಬೋರ್ಡಿನಲ್ಲಿದ್ದ ಸಾಮಾನು ಎಲ್ಲದರ ಫೋಟೋ ಅಂಗಳದಲ್ಲೇ ತೆಗೆಯಿರಿ. ಗೀರು, ತಗ್ಗು ಇದ್ದರೆ ಬಿಡುಗಡೆ ಪುಸ್ತಕದಲ್ಲಿ ನಿಮ್ಮ ಸಹಿಯ ಮೇಲೆಯೇ ಬರೆಯಿರಿ. ಟೋ ಖರ್ಚು ಕೇಳಿದರೆ ರಸೀದಿ ಇಲ್ಲದೆ ಕೊಡಬೇಡಿ, ಮನ್ನಾ ಮಾಡಲು ಅರ್ಜಿಯಲ್ಲೇ ಒಂದು ಸಾಲು ಸೇರಿಸಿ. ಕೇಸು ಕೈಬಿಟ್ಟಿದ್ದಾರೆಯೇ ಎಂದು ವಾರದ ನಂತರ ಇ-ಚಲನ್ ಪಟ್ಟಿಯಲ್ಲಿ ನೋಡಿ. ಅಲ್ಲಿ ಬಾಕಿ ಉಳಿದಿದ್ದರೆ ಗಾಡಿ ಮಾರುವಾಗ ಮತ್ತೆ ಅದೇ ತಲೆನೋವು.

ಮುಖ್ಯವಾದದ್ದು, ಆ "ನ್ಯೂ" ಹೋಗಬೇಕು. ಕಂಪನಿಗೆ ಎಂಡಾರ್ಸ್‌ಮೆಂಟ್ (ಪಾಲಿಸಿ ತಿದ್ದುಪಡಿ) ಅರ್ಜಿ, ಆರ್‌ಸಿ ಪ್ರತಿ ಕಳಿಸಿ. ಕೇಳಿದರೆ ಚಾಸಿಯ ಪೆನ್ಸಿಲ್ ಪ್ರಿಂಟ್ ಕೂಡ: ಕೊರೆದ ಸಂಖ್ಯೆಯ ಮೇಲಿನ ಧೂಳು ಒರೆಸಿ, ತೆಳು ಕಾಗದ ಇಟ್ಟು ಟೇಪ್ ಅಂಟಿಸಿ, ಪೆನ್ಸಿಲನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಒತ್ತಿ ಉಜ್ಜಿದರೆ 8ಕ್ಕೂ ಬಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ತಿದ್ದುಪಡಿ ಆದ ಮೇಲೆ ವಾಹನ್‌ಗೆ ಮಾಹಿತಿ ಮತ್ತೆ ಕಳಿಸಲು ಪ್ರತ್ಯೇಕವಾಗಿ ಹೇಳಿ, ಪಾಲಿಸಿ ತಿದ್ದಿದ ಮಾತ್ರಕ್ಕೆ ಅದು ತಾನಾಗಿ ಹೋಗುತ್ತದೆ ಎಂದುಕೊಳ್ಳಬೇಡಿ. ಎಂಪರಿವಾಹನ್ ಆ್ಯಪಿನಲ್ಲಿ 2027ರ ದಿನಾಂಕ ಕಾಣುವವರೆಗೆ ಫಾರ್ಮ್ 51ರ ಪ್ರಿಂಟ್ ಗ್ಲೋವ್ ಬಾಕ್ಸಿನಲ್ಲೇ ಇರಲಿ. ಕಂಪನಿ ಎಳೆದಾಡಿದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಅಥವಾ 155255ಕ್ಕೆ ದೂರು ಕೊಡಿ.

ಕಲಂ_207:
ಠಾಣೆಯವರು ಲಿಖಿತ ಕಾರಣ ಕೊಡದೇ ಇದ್ದರೆ ಆರ್‌ಟಿಐ ಹಾಕಿ. 10 ರೂ. ಪೋಸ್ಟಲ್ ಆರ್ಡರ್, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಕಥೆ ಬರೆಯಲು ಹೋಗಬೇಡಿ. ವಶಕ್ಕೆ ಪಡೆದ ಗಾಡಿಗಳ ರಿಜಿಸ್ಟರಿನಲ್ಲಿ ನಿಮ್ಮ ಗಾಡಿಯ ನಮೂದಿನ ದೃಢೀಕೃತ ಪ್ರತಿ ಕೇಳಿ. ಅದರಲ್ಲಿ ಕಲಂ, ಸಮಯ, ಅಧಿಕಾರಿಯ ಹುದ್ದೆ ಬರುತ್ತದೆ. ಮುಂದೆ ಟೋ ಖರ್ಚು ವಾಪಸ್ ಕೇಳುವುದಿದ್ದರೂ ದೂರು ಕೊಡುವುದಿದ್ದರೂ ಆ ಹಾಳೆ ಬೇಕೇ ಬೇಕು.