ಯುಕೆಜಿ ಮಗಳಿಗೆ ಅಕ್ಷರ ಎಲ್ಲ ಗೊತ್ತುಂಟು, ಓದಲಿಕ್ಕೆ ಮಾತ್ರ ಬರುವುದಿಲ್ಲ. ಕನ್ನಡ ಮೊದಲಾ, ಇಂಗ್ಲಿಷ್ ಮೊದಲಾ?

ಸುರತ್ಕಲ್ ಅಮ್ಮ:

ನಮಸ್ಕಾರ ಎಲ್ಲರಿಗೂ. ಮಗಳಿಗೆ ಐದೂವರೆ ವರ್ಷ, ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಯುಕೆಜಿ. ಮನೆಯಲ್ಲಿ ನಾವು ತುಳು ಮಾತಾಡುವುದು, ಅಕ್ಕಪಕ್ಕದವರ ಹತ್ತಿರ ಕನ್ನಡ. ಮೂರೂ ಭಾಷೆ ಅವಳಿಗೆ ಅರ್ಥ ಆಗುತ್ತದೆ. ತುಳುವಿನಲ್ಲಿ ಕಥೆ ಹೇಳಲಿಕ್ಕೆ ಕೂತರೆ ನಿಲ್ಲಿಸುವುದೇ ಇಲ್ಲ, ಅಷ್ಟು ಮಾತು.

ಎಬಿಸಿಡಿ ಪೂರ್ತಿ ಹೇಳುತ್ತಾಳೆ. ಅ ಆ ಇ ಈಯಿಂದ ಹಿಡಿದು ಳ ತನಕವೂ ಹೇಳುತ್ತಾಳೆ, ಅದು ನನ್ನ ಅತ್ತೆ ಕಲಿಸಿದ್ದು. ಚಾರ್ಟಿನಲ್ಲಿ ಒಂದೊಂದೇ ತೋರಿಸಿದರೆ ಹೆಚ್ಚಿನ ಅಕ್ಷರ ಗುರುತು ಹಿಡಿಯುತ್ತಾಳೆ. ಆದರೆ ಎರಡು ಅಕ್ಷರ ಪಕ್ಕಪಕ್ಕ ಇಟ್ಟರೆ ಮುಗಿಯಿತು. "ಸಿ, ಎ, ಟಿ" ಅಂತ ಹೇಳಿ ನನ್ನ ಮುಖ ನೋಡುತ್ತಾಳೆ. ಕನ್ನಡ ಪುಸ್ತಕದಲ್ಲಿ ಬೆಕ್ಕಿನ ಚಿತ್ರದ ಕೆಳಗೆ "ಬೆಕ್ಕು" ಅಂತ ಬರೆದಿದ್ದರೆ ಬೆರಳಿಟ್ಟು ತುಳುವಿನಲ್ಲಿ "ಪುಚ್ಚೆ" ಅಂತ ಓದುತ್ತಾಳೆ. ಅಂದರೆ ಓದುವುದು ಚಿತ್ರವನ್ನು, ಅಕ್ಷರವನ್ನಲ್ಲ.

ಮೊನ್ನೆ ಮೀಟಿಂಗಿನಲ್ಲಿ ಟೀಚರ್ "ಒಂದನೇ ಕ್ಲಾಸಿಗೆ ಹೋಗುವ ಮೊದಲು ಸಣ್ಣ ಪದ ಓದಬೇಕು, ಮನೆಯಲ್ಲಿ ಇಂಗ್ಲಿಷೇ ಮಾತಾಡಿ" ಅಂದರು. ಅತ್ತೆ ಹೇಳುವುದು ಮೊದಲು ಕನ್ನಡ ಗಟ್ಟಿ ಆಗಲಿ, ಇಂಗ್ಲಿಷ್ ತಾನಾಗಿ ಬರುತ್ತದೆ ಅಂತ. ಗಂಡ ಟ್ಯೂಷನ್ ಹುಡುಕುತ್ತಾ ಇದ್ದಾರೆ. ನನಗೆ ಐದೂವರೆ ವರ್ಷಕ್ಕೆ ಟ್ಯೂಷನ್ ಅಂದರೆ ಮನಸ್ಸು ಒಪ್ಪುವುದಿಲ್ಲ. ಯಾವುದು ಮೊದಲು, ಹೇಗೆ ಶುರು ಮಾಡುವುದು, ನಿಜವಾಗಿ ಲೇಟಾಗಿದೆಯಾ, ಮಕ್ಕಳಿಗೆ ಓದಲು ಕಲಿಸಿದವರು ಸ್ವಲ್ಪ ಬಿಡಿಸಿ ಹೇಳಿ.

ಕಂಕನಾಡಿ ಅಪ್ಪ:

ಶಾಲೆ ಇಂಗ್ಲಿಷ್ ಆದ್ದರಿಂದ ನಾನಾದರೆ ಇಂಗ್ಲಿಷಿನಿಂದಲೇ ಶುರು ಮಾಡುತ್ತೇನೆ. ದಿನದಲ್ಲಿ ಐದಾರು ಗಂಟೆ ಅವಳ ಕಣ್ಣೆದುರು ಇರುವುದು ಅದೇ ಅಲ್ವಾ.

ಆದರೆ ಎಬಿಸಿಡಿ ಹೇಳಿಸುವುದನ್ನು ಸದ್ಯಕ್ಕೆ ಬಿಡಿ. ಸಿ, ಎ, ಟಿ ಅಂತ ನೂರು ಸಲ ಹೇಳಿದರೂ ಅದರಿಂದ "ಕ್ಯಾಟ್" ಹುಟ್ಟುವುದಿಲ್ಲ. ಅಕ್ಷರದ ಹೆಸರು ಬೇರೆ, ಅದರ ಸದ್ದು ಬೇರೆ. ಮಗುವಿಗೆ ಬೇಕಾದದ್ದು ಸದ್ದು: ಕ್, ಆ್ಯ, ಟ್. ಫೋನಿಕ್ಸ್ ಅಂತ ಹೇಳುವುದು ಇದನ್ನೇ. ಅದರಲ್ಲಿ ಎ ಬಿ ಸಿ ಕ್ರಮ ಇಲ್ಲ. ಸಾಮಾನ್ಯವಾಗಿ ಮೊದಲು ಕಲಿಸುವುದು ಎಸ್, ಎ, ಟಿ, ಪಿ, ಐ, ಎನ್. ಈ ಆರರಲ್ಲೇ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್, ಟಿನ್ ಎಲ್ಲ ಆಗುತ್ತದೆ.

ಒಂದು ಕಡೆ ಮಾತ್ರ ಜಾಗ್ರತೆ ಬೇಕು. ನಾವು ಕನ್ನಡದವರು ಬಿ ತೋರಿಸಿ "ಬ" ಅಂತ ಹೇಳಿಬಿಡುತ್ತೇವೆ, ಟಿ ತೋರಿಸಿ "ಟ". ಆಗ ಮಗು "ಬ, ಆ್ಯ, ಟ" ಸೇರಿಸಿ "ಬ್ಯಾಟ" ಅನ್ನುತ್ತದೆ. ಹಿಂದಿನ ಅಕಾರ ಬಿಟ್ಟು "ಬ್", "ಟ್" ಅಂತ ಚುಟುಕಾಗಿ ಹೇಳಿ. ನನ್ನ ಮಗನಿಗೆ ಇದೊಂದು ಸರಿ ಆದ ಮೇಲೆ ಸಣ್ಣ ಪದಗಳು ಬೇಗ ಬಂದವು.

ಬ್ರಹ್ಮಾವರದ ಮಾಷ್ಟ್ರು:

ನೋಡಿಯಮ್ಮ, ಸರಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಜೊತೆಗೇ ನನ್ನ ಸರ್ವಿಸು ಮುಗಿಯಿತು. ಆ ಅನುಭವದಿಂದ ಹೇಳುತ್ತೇನೆ, ಉದ್ದ ಆಗಬಹುದು.

ಮೊದಲು ಮನೆಯ ಭಾಷೆಯ ವಿಷಯ. ತುಳು ನಿಲ್ಲಿಸಬೇಡಿ. ಕಥೆ ಹೇಳುವ ಮಗು ಅಂದರೆ ಓದಿಗೆ ಬೇಕಾದ ದೊಡ್ಡ ಬಂಡವಾಳ ಅವಳ ಹತ್ತಿರ ಈಗಲೇ ಉಂಟು ಅಂತ ಅರ್ಥ. ಮುಂದೆ ಏನಾಗುತ್ತದೆ, ಯಾಕೆ ಹಾಗಾಯಿತು, ಯಾರು ಏನು ಹೇಳಿದರು, ಇದೆಲ್ಲ ತಲೆಯಲ್ಲಿ ಇಟ್ಟುಕೊಂಡು ಹೇಳಬೇಕಲ್ಲ, ಪುಸ್ತಕ ಓದುವಾಗಲೂ ಅದೇ ಕೆಲಸ. ತಂದೆತಾಯಿ ತಮಗೆ ಸಲೀಸಲ್ಲದ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಲಿಕ್ಕೆ ಹೋದರೆ ಮನೆಯಲ್ಲಿ ಮಾತೇ ಕಮ್ಮಿ ಆಗುತ್ತದೆ. ಅದರ ನಷ್ಟ ಮಗುವಿಗೆ.

ಇನ್ನು ಅಕ್ಷರ. ವರ್ಣಮಾಲೆಯಲ್ಲಿ 49 ಅಕ್ಷರ. ಅದನ್ನು ಅ ಆ ಇ ಈ ಅಂತ ಕ್ರಮವಾಗಿ ಕಲಿಸುತ್ತಾ ಹೋದರೆ ಸ್ವರ ಅಷ್ಟೂ ಮುಗಿಯುವಾಗಲೂ ಮಗುವಿಗೆ ಓದಲಿಕ್ಕೆ ಹೆಚ್ಚುಕಮ್ಮಿ ಏನೂ ಸಿಗುವುದಿಲ್ಲ. ಆಮೇಲೆ ಬರುವ ಙ, ಞ ಎರಡನ್ನು ಅದು ಪುಸ್ತಕದಲ್ಲಿ ಕಾಣುವುದೇ ಅಪರೂಪ. ವರ್ಣಮಾಲೆಯ ಕ್ರಮ ತಪ್ಪಲ್ಲ, ಬಾಯಿಯೊಳಗೆ ಸದ್ದು ಎಲ್ಲಿ ಹುಟ್ಟುತ್ತದೆ ಅಂತ ನೋಡಿ ಜೋಡಿಸಿದ ಬಹಳ ಚೆಂದದ ಕ್ರಮ ಅದು. ಆದರೆ ಐದು ವರ್ಷದ ಮಗುವಿಗೆ ಓದು ಶುರು ಮಾಡಲಿಕ್ಕೆ ಅದು ದಾರಿ ಅಲ್ಲ.

1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ನಲಿ-ಕಲಿ ಅನ್ನುವ ಸರಕಾರಿ ಶಾಲೆಯ ಕಲಿಕೆ ಪದ್ಧತಿಯಲ್ಲಿ ಮೊದಲು ಕಲಿಸಿದ್ದು ರ, ಗ, ಸ, ದ, ಅ. ಐದೇ ಅಕ್ಷರ. ಗುಣಿತ ಇಲ್ಲ, ಒತ್ತು ಇಲ್ಲ. ಆದರೆ ಅದರಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಗರಗಸ ಅನ್ನುವ ಉದ್ದದ ಪದ ತಾನೇ ಓದಿದೆ ಅಂತ ಗೊತ್ತಾದಾಗ ಮಗುವಿನ ಮುಖ ನೋಡಬೇಕು. ಆ ಮುಖ ನೋಡಲಿಕ್ಕಾಗಿಯೇ ನಾನು ಒಂದನೇ ಕ್ಲಾಸು ಕೇಳಿ ಪಡೆಯುತ್ತಿದ್ದೆ. ಮೇಲೆ ಕಂಕನಾಡಿಯವರು ಹೇಳಿದ ಎಸ್ ಎ ಟಿ ಪಿ ಕೂಡ ಇದೇ ಉಪಾಯ. ಕಲಿತ ಕೂಡಲೇ ಪದ ಆಗಬೇಕು, ಇಲ್ಲದಿದ್ದರೆ ಅಕ್ಷರ ಯಾಕೆ ಅಂತ ಮಗುವಿಗೆ ಗೊತ್ತಾಗುವುದಾದರೂ ಹೇಗೆ?

ಅವಳಿಗೆ ಅಕ್ಷರ ಗೊತ್ತಿದ್ದೂ ಕೂಡಿಸಲಿಕ್ಕೆ ಬರುವುದಿಲ್ಲ ಅಂದಿರಲ್ಲ, ಅದಕ್ಕೆ ಪುಸ್ತಕ ಮುಚ್ಚಿಟ್ಟು ಬಾಯಲ್ಲೇ ಆಟ ಆಡಿ. "ನಾನು ಮುರಿದು ಹೇಳುತ್ತೇನೆ, ನೀನು ಸೇರಿಸಿ ಹೇಳು. ಮ, ರ." ಅವಳು "ಮರ" ಅನ್ನಲಿ. ತುಳುವಿನಲ್ಲೇ ಆಡಿ, "ಕ, ಡ, ಲ್" ಅಂದರೆ "ಕಡಲ್". ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲಿ ಬೇಕಾದರೂ ಆಗುತ್ತದೆ. ಕಿವಿಗೆ ಕೂಡಿಸುವುದು ಬಂದ ಮೇಲೆ ಸಣ್ಣ ಚೀಟಿಯಲ್ಲಿ ಸ ಒಂದು, ರ ಒಂದು ಬರೆದು ದೂರ ಇಡಿ, ಓದಿಸಿ, ಹತ್ತಿರ ತನ್ನಿ, ಮತ್ತೆ ಓದಿಸಿ. ಪಕ್ಕದಲ್ಲಿ ಚಿತ್ರ ಬೇಡ. ಚಿತ್ರ ಇದ್ದರೆ ಪುಚ್ಚೆಯೇ ಬರುತ್ತದೆ, ಅವಳ ತಪ್ಪೇನಿಲ್ಲ.

ಕಾಗುಣಿತಕ್ಕೂ ಇದೇ ಮಾತು. ಕ ಕಾ ಕಿ ಕೀ ಅಂತ ಒಂದೇ ಅಕ್ಷರದ ಸಾಲು ಬಾಯಿಪಾಠ ಮಾಡಿಸುವ ಬದಲು ಒಂದೇ ಗುರುತು ಹಿಡಿದುಕೊಂಡು ಬೇರೆ ಬೇರೆ ಅಕ್ಷರಕ್ಕೆ ಹಾಕಿ. ಇಳಿ ತೆಗೆದುಕೊಳ್ಳಿ: ರಾ, ಗಾ, ಸಾ, ದಾ. ಕೂಡಲೇ ದಾರ, ರಾಗ, ಸಾರ, ಸಾಗರ. ಅದು ಗಟ್ಟಿ ಆದ ಮೇಲೆ ಗುಡಿಸು, ಆಮೇಲೆ ಕೊಂಬು. ಕೊಂಬಿನಲ್ಲಿ ಒಂದು ತೊಡಕುಂಟು, ವ-ಕ್ಕೆ ಕೊಂಬು ಕೊಟ್ಟ ವು ನೋಡಲಿಕ್ಕೆ ಮ ಇದ್ದ ಹಾಗೇ ಕಾಣುತ್ತದೆ. "ಹಾವು" ಅನ್ನುವುದನ್ನು ಎಷ್ಟೋ ಮಕ್ಕಳು "ಹಾಮ" ಅಂತ ಓದುತ್ತಾರೆ. ಬೈಯಬೇಡಿ, ವ, ಮ, ವು ಮೂರನ್ನೂ ದೊಡ್ಡದಾಗಿ ಬರೆದು ಕೊಂಬು ಎಲ್ಲಿ ಅಂಟಿಕೊಂಡಿದೆ ಅಂತ ಬೆರಳಿಟ್ಟು ತೋರಿಸಿ.

ಕನ್ನಡ ಮೊದಲಾ ಇಂಗ್ಲಿಷಾ ಅಂದರೆ, ನನ್ನ ಮಟ್ಟಿಗೆ ಕನ್ನಡ. ನಮ್ಮಲ್ಲಿ ಅಕ್ಷರದ ಹೆಸರೇ ಅದರ ಸದ್ದು, ಸ ಅಂದರೆ ಸ. ಗೀಟಿನೊಳಗೆ ಸದ್ದು ಅಡಗಿದೆ ಅನ್ನುವ ಗುಟ್ಟು ಮಗುವಿಗೆ ಇಲ್ಲಿ ಬೇಗ ಹೊಳೆಯುತ್ತದೆ. ಒಮ್ಮೆ ಹೊಳೆದ ಮೇಲೆ ಅದು ಇಂಗ್ಲಿಷಿಗೂ ಆಗುತ್ತದೆ.

ಶಂಕರಪುರ ಮಲ್ಲಿಗೆ:

ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಕೊಂಕಣಿ, ಮಗ ಓದಲು ಕಲಿತದ್ದು ಹೆಚ್ಚಿನದ್ದೆಲ್ಲ ಬಸ್ಸಿನ ಬೋರ್ಡಿನಲ್ಲಿ. ನಾವು ದಿನಾ ಕಟಪಾಡಿ ಜಂಕ್ಷನ್ನಿನಲ್ಲಿ ಕಾಯುವಾಗ ಬರುವ ಬಸ್ಸಿನ ಬೋರ್ಡು ಓದಿಸುತ್ತಿದ್ದೆ. ಕಾಪು ಅಂದರೆ ಕ-ಕ್ಕೆ ಇಳಿ, ಪ-ಕ್ಕೆ ಕೊಂಬು, ಅಷ್ಟೇ. ಕಟಪಾಡಿ, ಉಡುಪಿ, ಮಣಿಪಾಲ, ಯಾವುದರಲ್ಲೂ ಒತ್ತಕ್ಷರ ಇಲ್ಲ ನೋಡಿ. ಮಲ್ಪೆ ಬಂದಾಗ ಮೊದಲ ಒತ್ತು. ನಿಮ್ಮ ಕಡೆ ತಲಪಾಡಿ, ಕಾವೂರು ಸುಲಭ ಆಗಬಹುದು. ಸುರತ್ಕಲ್, ಸ್ಟೇಟ್ ಬ್ಯಾಂಕ್ ಆಮೇಲೆ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಕಷ್ಟ ಆದದ್ದು ಕಾರ್ಕಳ. ಅರ್ಕಾವೊತ್ತು ಬರೆಯುವುದು ಕ ಆದ ಮೇಲೆ, ಓದುವುದು ಕ-ಕ್ಕಿಂತ ಮೊದಲು. ಮಗ ತುಂಬ ಸಮಯ "ಕಾಕರಳ" ಅಂತಲೇ ಓದುತ್ತಿದ್ದ. ಪರ್ಕಳ, ಸೂರ್ಯ, ಎಲ್ಲದರಲ್ಲೂ ಇದೇ ಕಥೆ. ನಾನು ತಿದ್ದುವುದಕ್ಕಿಂತ ಹೆಚ್ಚಾಗಿ ಆ ಪದವನ್ನು ಮತ್ತೆ ಮತ್ತೆ ಕಣ್ಣಿಗೆ ಬೀಳುವ ಹಾಗೆ ಮಾಡಿದೆ, ಮೆಲ್ಲ ಸರಿ ಆಯಿತು.

ಇನ್ನೊಂದು, ರಾತ್ರಿ ಓದಿ ಹೇಳುವುದನ್ನು ಬಿಡಬೇಡಿ. ಅವಳು ಓದುವುದು ಬೇರೆ, ನೀವು ಅವಳಿಗಾಗಿ ಓದುವುದು ಬೇರೆ. ಎರಡನೆಯದರಲ್ಲಿ ಪರೀಕ್ಷೆ ಇರಬಾರದು, "ಇದು ಯಾವ ಅಕ್ಷರ ಹೇಳು" ಅಂತ ನಡುವೆ ನಿಲ್ಲಿಸಿದರೆ ಕಥೆಯ ಖುಷಿ ಹೋಗುತ್ತದೆ. ಪುಸ್ತಕಕ್ಕೆ ಖರ್ಚು ಮಾಡಬೇಕಂತಲೂ ಇಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಮೊದಲ ಹಂತದ್ದರಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ. ಮೊಬೈಲಿನಲ್ಲಿ ಬೇಡ ಅಂದರೆ ಪ್ರಿಂಟ್ ತೆಗೆದು ಹೊಲಿದು ಕೊಡಿ.

ಮಣಿಪಾಲದಿಂದ:

ನಾನು ಮಾತು ಮತ್ತು ಶ್ರವಣದ ತೊಂದರೆ ಇರುವ ಮಕ್ಕಳ ಜೊತೆ ಕೆಲಸ ಮಾಡುವವಳು. ಲೇಟಾಗಿದೆಯಾ ಅನ್ನುವ ಪ್ರಶ್ನೆಗೆ ಉತ್ತರ: ಇಲ್ಲ. ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕನ್ನಡದ ಅಕ್ಷರಗಳೆಲ್ಲ ಪೂರ್ತಿ ಕೈಗೆ ಬರಲು ಮೊದಲ ಒಂದೆರಡು ವರ್ಷ ಸಾಕಾಗುವುದಿಲ್ಲ, ಅದಕ್ಕಿಂತ ಮುಂದಕ್ಕೂ ಹೋಗುತ್ತದೆ ಅಂತ ಅದರಲ್ಲಿ ಕಂಡಿತ್ತು. ಇಂಗ್ಲಿಷಿನ 26 ಅಕ್ಷರದ ಲೆಕ್ಕದಲ್ಲಿ ಕನ್ನಡವನ್ನು ಅಳೆಯಬಾರದು, ಗುಣಿತ ಒತ್ತು ಎಲ್ಲ ಸೇರಿದರೆ ನೂರಾರು ರೂಪ. ಕೇಂದ್ರ ಸರಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆ ಕೂಡ ಅರ್ಥ ಮಾಡಿಕೊಂಡು ಓದುವುದಕ್ಕೆ ಇಟ್ಟ ಗುರಿ ಮೂರನೇ ಕ್ಲಾಸಿನ ಕೊನೆ. ಯುಕೆಜಿಯಲ್ಲಿ ಓದಲೇಬೇಕು ಅಂತ ಮಗುವನ್ನು ಹೆದರಿಸುವುದು ಅನ್ಯಾಯ.

ಹಾಗಂತ ಕಣ್ಣು ಕಿವಿ ಒಮ್ಮೆ ತೋರಿಸಿ, ಇದು ಎಲ್ಲ ಮಕ್ಕಳಿಗೂ ಹೇಳುವ ಮಾತು. ಪದೇ ಪದೇ ಶೀತ ಆಗಿ ಕಿವಿಯಲ್ಲಿ ನೀರು ತುಂಬುವ ಮಕ್ಕಳಿಗೆ ಸದ್ದು ಮಸುಕಾಗಿ ಕೇಳುತ್ತದೆ, ಆಗ ಪ ಮತ್ತು ಬ ಬೇರೆ ಅಂತ ಗೊತ್ತಾಗುವುದು ಕಷ್ಟ. ಬಿ, ಡಿ ತಿರುಗಿಸಿ ಬರೆಯುವುದು ಈ ಪ್ರಾಯಕ್ಕೆ ಸಹಜ. ಒಂದನೇ ಕ್ಲಾಸು ಪೂರ್ತಿ ಸರಿಯಾಗಿ ಹೇಳಿಕೊಟ್ಟ ಮೇಲೂ ಸರ, ಮರ ಕೂಡಿಸಲಿಕ್ಕೆ ಒದ್ದಾಡಿದರೆ, ಅಥವಾ ಮನೆಯಲ್ಲಿ ಹತ್ತಿರದವರು ಯಾರಿಗಾದರೂ ಓದಿನ ತೊಂದರೆ ಇದ್ದಿದ್ದರೆ, ಆಗ ತಡ ಮಾಡದೆ ತಜ್ಞರಿಗೆ ತೋರಿಸಿ. ಇಲ್ಲಿ ಮಣಿಪಾಲದಲ್ಲೂ ನಿಮ್ಮ ಮಂಗಳೂರಿನಲ್ಲೂ ವಾಕ್-ಶ್ರವಣ ವಿಭಾಗ ಇರುವ ಆಸ್ಪತ್ರೆಗಳು ಉಂಟು. ತೋರಿಸಲಿಕ್ಕೆ ನಾಚಿಕೆ ಬೇಡ.

ಸುರತ್ಕಲ್ ಅಮ್ಮ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಬಾಯಿ ಆಟ ನಿನ್ನೆಯೇ ಶುರು ಮಾಡಿದೆವು. ಎರಡಕ್ಷರದ್ದು ಬರುತ್ತದೆ, ಮೂರಾದರೆ ಮೊದಲನೆಯದು ಮರೆತು ಹೋಗುತ್ತದೆ. ಕಿವಿ ಪರೀಕ್ಷೆಗೂ ಹೇಳಿಟ್ಟಿದ್ದೇನೆ, ಅವಳಿಗೆ ಮಳೆಗಾಲ ಪೂರ್ತಿ ಶೀತ ಇರುತ್ತದೆ.

ಮಾಷ್ಟ್ರೇ, ಇನ್ನೊಂದು ಕೇಳಬೇಕಿತ್ತು. ಶಾಲೆಯಿಂದ ದಿನಾ ನಾಲ್ಕು ಗೆರೆ ಪುಸ್ತಕದಲ್ಲಿ ಎರಡು ಪುಟ ಬರೆಯಲಿಕ್ಕೆ ಕೊಡುತ್ತಾರೆ. ಅರ್ಧ ಪುಟಕ್ಕೆ ಕೈ ನೋವು ಅಂತ ಅಳುತ್ತಾಳೆ, ಆಮೇಲೆ ಓದುವುದಕ್ಕೂ ಬರುವುದಿಲ್ಲ ಅನ್ನುತ್ತಾಳೆ. ಇದಕ್ಕೆ ಏನು ಮಾಡುವುದು?

ಬ್ರಹ್ಮಾವರದ ಮಾಷ್ಟ್ರು:

ಮೂರನೆಯದಕ್ಕೆ ಮೊದಲನೆಯದು ಮರೆಯುವುದು ಎಲ್ಲ ಮಕ್ಕಳಿಗೂ ಆಗುತ್ತದೆ. ಮೊದಲ ಎರಡನ್ನು ಸೇರಿಸಿಯೇ ಕೊಡಿ: "ಅರ, ಸ", ಆಗ "ಅರಸ".

ಬರವಣಿಗೆಯನ್ನು ಓದಿನಿಂದ ಬೇರೆ ಮಾಡಿ. ಓದುವುದು ಕಣ್ಣು ಕಿವಿಯ ಕೆಲಸ, ಬರೆಯುವುದು ಬೆರಳಿನ ಕೆಲಸ. ಐದೂವರೆ ವರ್ಷದ ಬೆರಳಿಗೆ ಎರಡು ಪುಟ ಜಾಸ್ತಿಯೇ. ಬೆರಳು ಗಟ್ಟಿ ಆಗಲಿಕ್ಕೆ ಚಪಾತಿ ಹಿಟ್ಟು ನಾದಲಿ, ಅವರೆ ಸುಲಿಯಲಿ, ಕಾಕಡ ಹೂ ಕಟ್ಟಲಿ. ಅಕ್ಷರ ಬರೆಯುವುದಾದರೆ ಸ್ಲೇಟಿನಲ್ಲಿ ದೊಡ್ಡದಾಗಿ, ಇಲ್ಲವೇ ಪಣಂಬೂರು ಕಡಲತೀರದ ಹೊಯ್ಗೆಯಲ್ಲಿ ಬೆರಳಿನಿಂದ. ನಮ್ಮಲ್ಲಿ ಅಕ್ಷರಾಭ್ಯಾಸಕ್ಕೆ ಅಕ್ಕಿಯ ಮೇಲೆ ಬರೆಸುತ್ತಾರಲ್ಲ, ಅಂಥದ್ದನ್ನು ದಿನಾ ಮಾಡಿಸಬಹುದು.

ಟೀಚರಿಗೆ ಒಂದು ಚೀಟಿ ಬರೆದು ಕಳಿಸಿ. ಜಗಳದ ಧಾಟಿ ಬೇಡ. "ಅರ್ಧ ಪುಟ ಚೆಂದ ಮಾಡಿ ಬರೆದಿದ್ದಾಳೆ, ಉಳಿದದ್ದು ನಾನೇ ನಿಲ್ಲಿಸಿದೆ" ಅಂತ ನಿಮ್ಮ ಸಹಿ ಹಾಕಿ. ನಲವತ್ತು ಮಕ್ಕಳನ್ನು ನೋಡಿಕೊಳ್ಳುವವರಿಗೆ ಒಂದು ಮಗು ಅಳುತ್ತಾ ಬರೆದದ್ದು ಅಂತ ಪುಸ್ತಕ ನೋಡಿ ಗೊತ್ತಾಗುವುದಿಲ್ಲ, ನೀವು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಮತ್ತೆ ಓದುವ ಆಟವನ್ನು ಹೋಂವರ್ಕ್ ಆದ ಮೇಲೆ ಇಡಬೇಡಿ, ಶಾಲೆಯಿಂದ ಬಂದು ತಿಂಡಿ ತಿಂದ ಕೂಡಲೇ ಇಟ್ಟುಕೊಳ್ಳಿ.