ಕಲಬುರಗಿ, ಬೀದರ್, ಯಾದಗಿರಿ ಊರುಗಳ ದುಡಿಯುವ ಮಂದಿಯ ಮಾತು ದಾಖಲಿಸುವುದು ಹೇಗೆ?

ಕಾಗಿಣಾ ದಂಡಿ

ಎಲ್ಲರಿಗೂ ನಮಸ್ಕಾರ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದವರು, ವಾಡಿ ಜಂಕ್ಷನ್ನಿನ ಕೂಲಿಗಳು, ಬೀದರಿನ ಬಿದರಿ (ಕಪ್ಪು ಲೋಹದ ಪಾತ್ರೆಗೆ ಬೆಳ್ಳಿ ಕೂಡಿಸುವ) ಕೆಲಸದವರು, ಕಲಬುರಗಿ ಗಂಜಿನ (ಧಾನ್ಯದ ಮಾರುಕಟ್ಟೆಯ) ಹಮಾಲರು, ಯಾದಗಿರಿ ಕಡೆಯಿಂದ ಗುಳೆ ಹೋಗುವ ಮಂದಿ: ಇಂಥವರ ಬದುಕನ್ನು ಅವರ ಬಾಯಿಂದಲೇ ಕೇಳಿ ಉಳಿಸಬೇಕೆಂದು ನಾವು ಮೂವರು ಗೆಳೆಯರು ಹೊರಟಿದ್ದೇವೆ. ಮೂರೂ ಜಿಲ್ಲೆಗಳ 25 ತಾಲ್ಲೂಕುಗಳಲ್ಲಿ ತಾಲ್ಲೂಕಿಗೆ 10 ಮಂದಿ ಎಂಬ ಅಂದಾಜಿದೆ. ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್, ಬಿಡುವಿರುವುದು ಭಾನುವಾರ ಮಾತ್ರ. ಫೋನ್ ಸಾಕೇ? ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಅದನ್ನು ಹೇಗೆ ಹಿಡಿಯುವುದು? ಒಪ್ಪಿಗೆಯನ್ನು ಯಾವ ರೀತಿ ಪಡೆಯಬೇಕು, ಕೊನೆಗೆ ಇವನ್ನೆಲ್ಲ ಎಲ್ಲಿಡಬೇಕು?

ಕೌದಿ ಹೊಲಿಗೆ

ಮೊದಲು ಆ 250ರ ಲೆಕ್ಕ ಬಿಡಿ. ಒಂದು ಗಂಟೆಯ ಮಾತನ್ನು ಕೇಳಿ ಅಕ್ಷರಕ್ಕಿಳಿಸಲು ಕನಿಷ್ಠ 5-6 ಗಂಟೆ ಬೇಕು. ನಮ್ಮ ಕಡೆಯ ಮಾತಿನಲ್ಲಿ ಉರ್ದು, ಮರಾಠಿ, ತೆಲುಗು ಬೆರೆಯುವುದರಿಂದ ಇನ್ನೂ ಹೆಚ್ಚು. 250 ಗಂಟೆ ಎಂದರೆ 1,500 ಗಂಟೆಯ ಬರವಣಿಗೆ. ಮೂವರೂ ಪ್ರತಿ ಭಾನುವಾರ ನಾಲ್ಕು ಗಂಟೆ ಕೂತರೂ 125 ವಾರ ಬರೆಯುವುದರಲ್ಲೇ ಹೋಗುತ್ತದೆ, ಅಷ್ಟರಲ್ಲಿ ಹೊಸದೊಂದೂ ರೆಕಾರ್ಡ್ ಆಗುವುದಿಲ್ಲ. ಇಂಥ ಕೆಲಸಗಳು ನಿಲ್ಲುವುದು ಇಲ್ಲಿಯೇ, ಯಾರೂ ಕೇಳದ ಫೈಲುಗಳ ರಾಶಿಯಾಗಿ. 25-30 ಮಂದಿಯನ್ನು ಆರಿಸಿಕೊಳ್ಳಿ, ಒಬ್ಬೊಬ್ಬರ ಬಳಿ ಎರಡು ಸಲ ಹೋಗಿ. ಮೊದಲ ಸಲ ಹೇಳಿದ್ದನ್ನು ಬರೆದುಕೊಂಡ ಮೇಲೆಯೇ ಎರಡನೇ ಸಲಕ್ಕೆ ಸರಿಯಾದ ಪ್ರಶ್ನೆಗಳು ಹುಟ್ಟುತ್ತವೆ.

ಫೋನ್ ಸಾಕು, ಅದರ ಒಳಗಿನ ಮೈಕ್ ಸಾಲದು. ತಂತಿಯ ಕಾಲರ್ ಮೈಕ್ ತೆಗೆದುಕೊಳ್ಳಿ. ಸಿಕ್ಕಿಸಿದ ಮೇಲೆ ಉಗುರಿನಿಂದ ಮೈಕನ್ನು ಮೆಲ್ಲಗೆ ಕೆರೆದು ನೋಡಿ. ಪರದೆಯ ಮೇಲಿನ ಮಟ್ಟ ಜಿಗಿಯದಿದ್ದರೆ ಫೋನ್ ಇನ್ನೂ ತನ್ನದೇ ಮೈಕಿನಿಂದ ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಹೊಂದದ ಕನೆಕ್ಟರ್ ಹಾಕಿದಾಗ ಹೀಗಾಗುವುದು ಬಹಳ ಸಾಮಾನ್ಯ, ಮನೆಗೆ ಬಂದು ಕೇಳುವವರೆಗೂ ಗೊತ್ತಾಗುವುದಿಲ್ಲ. ವೇವ್ (ದನಿಯನ್ನು ಹಿಂಡದ) ಫೈಲ್ ಕೊಡುವ ಆ್ಯಪ್ ಬಳಸಿ: 48 ಕಿಲೋಹರ್ಟ್ಸ್, 16 ಬಿಟ್, ಮೋನೊ. ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ. ಜೋರು ಮಾತಿಗೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಒಮ್ಮೆ ಒಡೆದ ದನಿ ಮತ್ತೆ ಕೂಡುವುದಿಲ್ಲ. ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ, ಕರೆ ಬಂದರೆ ಕೆಲವು ಆ್ಯಪ್ ಅಲ್ಲಿಗೇ ನಿಂತುಬಿಡುತ್ತವೆ.

ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ. ಸೆರಗಿಗೆ ಸಿಕ್ಕಿಸಿದರೆ ಬಟ್ಟೆ ಉಜ್ಜುವ ಸದ್ದೇ ತುಂಬುತ್ತದೆ. ಅದನ್ನು ಹೆಣ್ಣುಮಕ್ಕಳ ಕೈಗೇ ಕೊಟ್ಟು, ಸೆರಗು ತಾಗದ ಕಡೆ ಕುಪ್ಪಸದ ಅಂಚಿಗೆ ಅವರೇ ಹಾಕಿಕೊಳ್ಳುವಂತೆ ಹೇಳಿ. ಬೇಸಿಗೆಯ ದೊಡ್ಡ ಶತ್ರು ಕೂಲರ್. ಅದರ ಗಾಳಿಯ ಜೊತೆ ನೀರಿನ ಸದ್ದೂ ಸೇರುವುದರಿಂದ ಯಾವ ಸಾಫ್ಟ್‌ವೇರ್ ತೆಗೆದರೂ ಮಾತು ಟೊಳ್ಳಾಗುತ್ತದೆ. ಮೇ ತಿಂಗಳಲ್ಲಿ ಮುದುಕರಿಗೆ ಕೂಲರ್ ಆರಿಸಿ ಎನ್ನುವುದು ಅನ್ಯಾಯ. ಹಾಗಾಗಿ ಬೆಳಿಗ್ಗೆ 7ರಿಂದ 9ರೊಳಗೆ ಮುಗಿಸಿ. ಶಹಾಬಾದ್ ಕಲ್ಲು ಹಾಸಿದ ಬರಿ ಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ನೆಲಕ್ಕೊಂದು ಕೌದಿ ಹಾಸಿ, ಎದುರಿನ ಗೋಡೆಗೊಂದು ಇಳಿಬಿಟ್ಟರೆ ಸಾಕು, ಎಷ್ಟೋ ಕಡಿಮೆಯಾಗುತ್ತದೆ.

ಕಟ್ಟೆಯ ಮೇಲೆ, ಚಹಾದಂಗಡಿ ಮುಂದೆ ಮಾತ್ರ ಕೂರಬೇಡಿ. ಸುತ್ತಲಿನವರೇ ಉತ್ತರ ಹೇಳತೊಡಗುತ್ತಾರೆ, ಕೇಳಬೇಕಾದವರು ಸುಮ್ಮನಾಗುತ್ತಾರೆ.

ಗಂಜ್ ಓಣಿ

ಪ್ರಶ್ನಿ ಬಗ್ಗೆ ನಾ ಹೇಳ್ತೀನ್ರಿ. ‘ನಿಮ್ಮ ಜೀವನದ ಬಗ್ಗೆ ಹೇಳ್ರಿ’ ಅಂತ ಕೇಳಿದ್ರ ‘ಏನದ ಹೇಳಾಕ, ಕಷ್ಟಪಟ್ಟೀವಿ, ದುಡದೀವಿ’ ಅಂತಾರ, ಮಾತು ಅಲ್ಲಿಗೇ ಮುಗೀತದ. ಕೈಗೆಲಸದಿಂದ ಸುರು ಮಾಡ್ರಿ. ಹಮಾಲರಿಗೆ: ಚೀಲ ಬೆನ್ನಿಗೆ ಯಾರು ಎತ್ತಿ ಕೊಡ್ತಾರ? ಕ್ವಿಂಟಲ್ ಚೀಲ ಇದ್ದಾಗ ಎಷ್ಟು ಮಂದಿ ಬೇಕಿತ್ತು, 50 ಕಿಲೋದ್ದು ಬಂದ ಮ್ಯಾಲ ಏನು ಬದಲಾತು? ತೊಗರಿ ಸೀಜನ್ ಮುಗದ ಮ್ಯಾಲ ಮನಿ ಹ್ಯಾಂಗ ನಡೀತದ? ಅಡತಿ (ದಲಾಲಿ) ಅಂಗಡಿಯಿಂದ ಮುಂಗಡ ತಗೊಂಡ್ರ ಹ್ಯಾಂಗ ಮುರ್ಕೋತಾರ? ಕಲ್ಲುಗಣಿಯವರಿಗೆ: ಪದರು ಎಲ್ಲಿ ಬಿಡ್ತದಂತ ಬಡದ ಸಪ್ಪಳದಿಂದ ಗೊತ್ತಾಗ್ತದೋ, ಕಣ್ಣಿಂದೋ? ಬ್ರಾಸ್ ಅನ್ನೋ ಅಳತಿ ಲೆಕ್ಕ ಹೇಳಿದ್ರ ಚದರ ಅಡಿದೋ ಘನ ಅಡಿದೋ ಅಂತ ಅಲ್ಲೇ ಕೇಳ್ಕೋರಿ, ಇಲ್ಲಾಂದ್ರ ಕೂಲಿ ಲೆಕ್ಕ ಪೂರಾ ತಪ್ಪತದ.

ಬಿದರಿ ಕೆಲಸ ಗೊತ್ತಿಲ್ಲದ ಹೋಗಬ್ಯಾಡ್ರಿ. ಸತು ಬಹಳ, ತಾಮ್ರ ಸ್ವಲ್ಪ ಕೂಡಿಸಿ ಎರಕ ಹೊಯ್ತಾರ, ಅರ ಹಾಕ್ತಾರ. ಗೆರಿ ಕಾಣಲಿ ಅಂತ ಮೈಲುತುತ್ತಿನ ನೀರಿನಿಂದ ತಾತ್ಪೂರ್ತಿಕ ಕಪ್ಪು ಮಾಡಿ ಚಿತ್ತಾರ ಕೊರೀತಾರ, ಬೆಳ್ಳಿ ಕೂಡಸ್ತಾರ. ಕಡೀಕ ಬೀದರ್ ಕಿಲ್ಲಾದ ಮಣ್ಣು, ನವಸಾಗರ (ಒಂದು ಉಪ್ಪು) ಕೂಡಿಸಿದ ನೀರಿನಾಗ ಹಾಕಿದ್ರ ಪಾತ್ರಿ ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳೀತದ. ಬ್ಯಾರೆ ಬ್ಯಾರೆ ಹಂತಕ್ಕ ಬ್ಯಾರೆ ಬ್ಯಾರೆ ಕೈ ಇರ್ತಾವ. ಕೊರಿಯೋರನ್ನ ಒಬ್ಬರನ್ನೇ ಕೇಳಿ ಬಂದ್ರ ಎರಕದ ಭಟ್ಟಿ ಮುಂದ ಕೂಡೋರ ಕಥಿ ತಪ್ಪಿಹೋಗ್ತದ. ಮಣ್ಣು ಸರಿ ಅದನೋ ಇಲ್ಲೋ ಹ್ಯಾಂಗ ನೋಡ್ತೀರಿ ಅಂತ ಕೇಳ್ರಿ. ಆ ಒಂದು ಪ್ರಶ್ನಿಗೆ ಮನಸ್ಸು ಬಿಚ್ಚಿ ಮಾತಾಡ್ತಾರ.

ಇನ್ನ ಇಸ್ವಿ. ಆಧಾರ್ ಕಾರ್ಡಿನ ಹುಟ್ಟಿದ ತಾರೀಖು ನಂಬಬ್ಯಾಡ್ರಿ, ಜನವರಿ 1, ಜೂನ್ 1 ಅಂತ ಇದ್ರಂತೂ ಅದು ಯಾರೋ ಅಂದಾಜಿಂದ ಬರದದ್ದೇ ಇರಬಹುದು. ಊರಿಗೆಲ್ಲ ಗೊತ್ತಿರೋ ಘಟನಾಕ್ಕ ಕಟ್ಟಿ ಕೇಳ್ರಿ. ಪೊಲೀಸ್ ಆ್ಯಕ್ಷನ್ (ನಿಜಾಮನ ಹೈದರಾಬಾದಿನೊಳಗ ಭಾರತದ ಸೈನ್ಯ ಬಂದದ್ದು) ಅಂದ್ರ 1948ರ ಸೆಪ್ಟೆಂಬರ್. ಎಪ್ಪತ್ತೆರಡರ ಬರ ಎಲ್ಲರಿಗೂ ನೆಪ್ಪದ. ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ 1993ರ ಸೆಪ್ಟೆಂಬರ್ 30ರ ನಸುಕಿನಾಗ, ಗಣಪತಿ ಕಳಿಸಿದ ರಾತ್ರಿ ಅಂದ್ರ ಆಳಂದ, ಬಸವಕಲ್ಯಾಣ ಕಡಿಯವರು ತಟ್ಟನ ಹೇಳ್ತಾರ. ಯಾದಗಿರಿ ಜಿಲ್ಲಾ ಆದದ್ದು 2009ರ ಡಿಸೆಂಬರ್, ಭೀಮಾ ಹೊಳಿಗೆ ಮಹಾಪೂರ ಬಂದದ್ದು 2020ರ ಅಕ್ಟೋಬರ್. ‘ಆಗ ನಿಮಗ ಮದಿವ್ಯಾಗಿತ್ತೇನು, ಎಷ್ಟು ಮಕ್ಕಳಿದ್ರು?’ ಅಂದ್ರ ವಯಸ್ಸು ತಾನೇ ಬರ್ತದ. ಅವರು ಹೇಳಿದ್ದು ಬ್ಯಾರೆ, ನೀವು ಲೆಕ್ಕ ಹಾಕಿದ್ದು ಬ್ಯಾರೆ ಬರೀರಿ.

ಹಳೇ ಕಾಗದ ತೋರಿಸಿದ್ರ ಅದರಾಗಿನ ಇಸ್ವಿ ಫಸಲಿ (ನಿಜಾಮರ ಕಾಲದ ಕಂದಾಯದ ವರ್ಷ) ಇರಬಹುದು. 590 ಕೂಡಸ್ರಿ, 1357 ಫಸಲಿ ಅಂದ್ರ 1947-48. ಬಹಳ ಹಿರೇರು ಕೂಲಿ ಲೆಕ್ಕ ಹಾಲಿ ಸಿಕ್ಕಾದಾಗ (ನಿಜಾಮರ ರೂಪಾಯಿಯಾಗ) ಹೇಳಿದ್ರ, 7 ಹಾಲಿ ರೂಪಾಯಿಗೆ 6 ಕಲದಾರ (ಬ್ರಿಟಿಷ್ ಭಾರತದ ರೂಪಾಯಿ) ಅಂತ ಹಿಡೀರಿ.

ಮುತ್ಯಾ, ಆಯಿ, ಚಾಚಾ, ಖಾಲಾ ಅಂತ ಕರೀರಿ. ಸರ್, ಮೇಡಂ ಅಂದ್ರ ಸರ್ವೇಕ್ಕ ಬಂದಾರ ಅನ್ಕೊಂಡು ರೇಷನ್ ಕಾರ್ಡ್ ತರಾಕ ಒಳಗ ಹೋಗ್ತಾರ.

ಕಾಗಿಣಾ ದಂಡಿ

ಬಹಳ ಉಪಕಾರವಾಯಿತು. 30ಕ್ಕೆ ಇಳಿಸುತ್ತೇವೆ. ಗುತ್ತಿಗೆದಾರ, ಸಾಲ ಕೊಟ್ಟವರ ಹೆಸರು ಮಾತಿನ ನಡುವೆ ಬಂದರೆ ಏನು ಮಾಡಬೇಕು? ದಿನಗೂಲಿ ಬಿಟ್ಟು ಕೂತವರಿಗೆ ಹಣ ಕೊಡಬಹುದೇ?

ದಫ್ತರ್

ಸಂಜೆ ಅಥವಾ ರಜೆಯ ದಿನ ಹೋಗುವುದೇ ಮೇಲು. ಕೆಲಸ ಬಿಡಿಸಿದರೆ ಆ ದಿನದ ಕೂಲಿ ಕೊಡಿ, ಅದು ಅವರ ಹಕ್ಕು. ಕಥೆಗೆ ಇಷ್ಟೆಂದು ದರ ಕಟ್ಟಿದರೆ ಮಾತ್ರ ನೀವು ಕೇಳಬಯಸಿದ್ದನ್ನೇ ಅವರು ಹೇಳತೊಡಗುತ್ತಾರೆ.

ಒಪ್ಪಿಗೆಯನ್ನು ಒಂದೇ ಮಾತಿನಲ್ಲಿ ಮುಗಿಸಬೇಡಿ. ದನಿ ಇಟ್ಟುಕೊಳ್ಳಲು, ನೆಟ್ಟಿಗೆ ಹಾಕಲು, ಹೆಸರು ಹೇಳಲು, ಫೋಟೊ ಹಾಕಲು, ಹೀಗೆ ಬೇರೆ ಬೇರೆಯಾಗಿ ಕೇಳಿ. ಅಕ್ಷರ ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಅವರ ಉತ್ತರವನ್ನೇ ರೆಕಾರ್ಡಿನ ಮೊದಲಲ್ಲಿ ಹಿಡಿಯುವುದು ಒಳ್ಳೆಯದು. ಮಾತು ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಏನು ಹೇಳಿದೆವೆಂದು ಅವರಿಗೆ ತಿಳಿಯುವುದು ಆಗಲೇ. ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಮುಕ್ತ ಪರವಾನಗಿ ಕೊಟ್ಟು ಹಾಕಿದ್ದನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಬರೆದಿಟ್ಟದ್ದನ್ನು ಅವರಿಗೆ ಓದಿ ಹೇಳುವವರೆಗೆ ಎಲ್ಲಿಯೂ ಹಾಕಬೇಡಿ.

ಗುತ್ತಿಗೆದಾರನ ಹೆಸರು ಬಂದ ನಿಮಿಷವನ್ನು ಗುರುತು ಹಾಕಿಕೊಂಡು ಮಾತು ಮುಂದುವರಿಯಲು ಬಿಡಿ. ಮೂಲ ಪ್ರತಿಯನ್ನು ಮುಟ್ಟದೆ, ಹೊರಗೆ ಕೊಡುವ ಪ್ರತಿಯಲ್ಲಿ ಅಷ್ಟು ಭಾಗ ತೆಗೆಯಿರಿ. ಹೆಸರೊಂದನ್ನೇ ತೆಗೆದರೆ ಸಾಲದು. ಸಣ್ಣ ಊರಲ್ಲಿ ಓಣಿ, ಕೆಲಸ, ಮಕ್ಕಳ ಸಂಖ್ಯೆ ಇಷ್ಟು ಹೇಳಿದರೆ ಯಾರೆಂದು ಎಲ್ಲರಿಗೂ ಗೊತ್ತು, ಮರುದಿನ ಕೆಲಸ ಹೋಗುವುದು ಅವರದು. 1948ರ ಪೊಲೀಸ್ ಆ್ಯಕ್ಷನ್ ಹೊತ್ತಿನ ಹಿಂಸೆಯ ಮಾತಿಗೂ ಇದೇ ಎಚ್ಚರ ಬೇಕು. ಸತ್ತವರ ಮನೆಯವರೂ ಹೊಡೆದವರ ಮನೆಯವರೂ ಒಂದೇ ಊರಲ್ಲಿ ಇರಬಹುದು.

ಫೈಲಿನ ಹೆಸರಲ್ಲಿ ವ್ಯಕ್ತಿಯ ಹೆಸರು ಬೇಡ. ತಾರೀಖು, ಊರು, ಸಂಖ್ಯೆ ಸಾಕು. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಬೇರೆ ವಹಿಯಲ್ಲಿರಲಿ. ಮೂರು ಪ್ರತಿ ಮಾಡಿ, ಒಂದು ಬೇರೆ ಊರಲ್ಲಿರಲಿ, ವರ್ಷಕ್ಕೊಮ್ಮೆ ತೆರೆದು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ದಾಟಿಸಿದ್ದು ಹಿಂಡಿದ ದನಿ, ಅದನ್ನು ಮೂಲವೆಂದು ಇಡಬೇಡಿ. ವೇವ್ ಫೈಲನ್ನು ಫ್ಲ್ಯಾಕ್ ಎಂಬ ಮಾದರಿಯ ಫೈಲಾಗಿ ಬದಲಿಸಿದರೆ ಏನೂ ಕಳೆಯದೆ ಜಾಗ ಉಳಿಯುತ್ತದೆ.

ತಾಂಡಾ ರಸ್ತೆ

ಭಾಷೆಯ ಬಗ್ಗೆ ಒಂದು ಮಾತು. ‘ಹೊಂಟೀನಿ’ ಅಂದದ್ದನ್ನು ‘ಹೊರಟಿದ್ದೇನೆ’ ಎಂದು ತಿದ್ದಬೇಡಿ. ದಖನಿ (ಈ ಕಡೆಯ ಉರ್ದು), ಮರಾಠಿ, ತೆಲುಗು ಬಂದ ಕಡೆ ಆ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದು ಕೆಳಗೆ ಅರ್ಥ ಕೊಡಿ. ತಾನಾಗಿ ಟೈಪ್ ಮಾಡುವ ಸಾಫ್ಟ್‌ವೇರ್ ಇಂಥ ಬೆರಕೆ ಮಾತನ್ನು ತೋಚಿದ ಶಿಷ್ಟ ಪದಕ್ಕೆ ತಿರುಗಿಸುತ್ತದೆ, ಓದುವಾಗ ತಪ್ಪೆಂದೂ ಅನಿಸುವುದಿಲ್ಲ. ಲಂಬಾಣಿ ತಾಂಡಾಗಳಲ್ಲಿ ಮೊಮ್ಮಕ್ಕಳನ್ನು ನಡುವೆ ಕೂರಿಸಿಕೊಂಡರೆ ಅಜ್ಜಿಯ ಹತ್ತು ನಿಮಿಷದ ಮಾತು ಎರಡು ವಾಕ್ಯವಾಗುತ್ತದೆ. ಅಜ್ಜಿ ಗೋರ್‌ಬೋಲಿಯಲ್ಲಿ (ಲಂಬಾಣಿ ಮಾತಿನಲ್ಲಿ) ನಿಲ್ಲಿಸದೆ ಮಾತಾಡಲಿ, ಅನುವಾದ ಆಮೇಲೆ ಸಾಲು ಸಾಲಾಗಿ ನಡೆಯಲಿ.

ಗುಳೆ ಹೋದವರು ಬೇಕೆಂದರೆ ಅವರು ಊರಿಗೆ ಮರಳುವ ದಿನ ನೋಡಿಕೊಳ್ಳಿ: ಸಂಕ್ರಾಂತಿಯ ಮೈಲಾಪುರ ಜಾತ್ರೆ, ಯುಗಾದಿ, ಮೊಹರಂ. ಜಾತ್ರೆಯ ದಿನವೇ ಕೇಳಬೇಡಿ, ಮನೆ ತುಂಬ ಬೀಗರಿರುತ್ತಾರೆ. ಹಿಂದಿನ ದಿನ ಹೋಗಿ ಸಮಯ ಗೊತ್ತುಮಾಡಿಕೊಂಡು, ಜಾತ್ರೆ ಮುಗಿದು ಅವರು ಮತ್ತೆ ಬಸ್ ಹತ್ತುವ ಮೊದಲಿನ ಒಂದೆರಡು ದಿನದಲ್ಲಿ ಕೂತು ಮಾತಾಡಿ.